ಇವಾನ್ ಅಂದ್ರೆ ಯಾವನೋ?

‘ಇವಾನ್.’

‘ಯಾವನು?’

‘ಇವಾನ್ ಅಜ್ಜಿ.’

‘ಅದೇ ಕಣೋ, ಯಾವನು ಅಂತ ಕೇಳ್ತಿರೋದು!’

ಕಳೆದ ಮಳೆಗಾಲದ ಒಂದು ಭಾನುವಾರ ಭದ್ರಾವತಿ ಓಲ್ಡ್ ಟೌನಿನ ಅಜ್ಜಿ ಮನೆಯಲ್ಲಿ ಈ ಮಾತುಕತೆ ಐದು ನಿಮಿಷ ನಡೆಯಿತು. ಅಜ್ಜಿ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದಳು. ನನ್ನ ಮೊಬೈಲಿನಲ್ಲಿ ಅಕ್ಕ ಕಳಿಸಿದ್ದ ಇಪ್ಪತ್ತಮೂರು ಗಂಡುಹೆಸರುಗಳ ಪಟ್ಟಿ ಇತ್ತು. ನಾನು ಒಂದೊಂದೇ ಓದುವುದು, ಅಜ್ಜಿ ಅದನ್ನು ಮೂರು ಸಲ ಹೇಳುವುದು. ಮೂರನೇ ಸಲವೂ ಹೆಸರು ಹೆಸರಾಗಿಯೇ ಉಳಿದರೆ ಪಾಸು. ಇವಾನ್ ಮೊದಲ ಸಲಕ್ಕೇ ಫೇಲಾದ. ‘ಇವನ ಹೆಸರು ಇವಾನ್’ ಅಂತ ಯಾರಿಗಾದರೂ ಪರಿಚಯ ಮಾಡಿಸಿ ನೋಡಿ, ಕಷ್ಟ ಏನು ಅಂತ ನಿಮಗೂ ಗೊತ್ತಾಗುತ್ತದೆ.

ನನ್ನಕ್ಕ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಅವಳ ಟೀಮಿನಲ್ಲೇ ಇದ್ದ ಸೆರ್ಗೇ ಎಂಬ ರಷ್ಯನ್ನರನ್ನು ಮದುವೆಯಾಗಿ ಎರಡು ವರ್ಷವಾಯಿತು. ಆಗಲೂ ಅಜ್ಜಿ ಮೊದಲು ಎಡವಿದ್ದು ಹೆಸರಲ್ಲೇ. ‘ಸೆರಗು ಅಂತ ಗಂಡಸಿಗೆ ಹೆಸರಿಡ್ತಾರೇನೋ?’ ಅಂದಿದ್ದಳು. ಈಗ ಅವರಿಗೆ ಗಂಡುಮಗು. ಇಂಗ್ಲೆಂಡಿನಲ್ಲಿ ಮಗು ಹುಟ್ಟಿದ 42 ದಿನದೊಳಗೆ ಜನನ ನೋಂದಣಿ ಆಗಬೇಕು. ನಮ್ಮಲ್ಲಿ 21 ದಿನದೊಳಗೆ ಹುಟ್ಟಿದ್ದನ್ನು ಬರೆಸಿದರೆ ಸಾಕು, ಹೆಸರು ಸೇರಿಸಲು ಒಂದು ವರ್ಷ ಕಾಲಾವಕಾಶ ಇರುತ್ತದೆ. ಅಷ್ಟರಲ್ಲಿ ಪುಟ್ಟ, ಚಿನ್ನು, ಗುಂಡ ಎಂದು ಕರೆಯುತ್ತಾ ಎಷ್ಟೋ ಮಕ್ಕಳು ನಡೆಯುವುದನ್ನೇ ಕಲಿತಿರುತ್ತವೆ. ಅಕ್ಕನಿಗೆ ಮಾತ್ರ ನೋಂದಣಿಯ ಹೊತ್ತಿಗೇ ಹೆಸರು ಬೇಕಿತ್ತು. ನಾನು ಪಟ್ಟಿ ಹಿಡಿದು ಭದ್ರಾವತಿಗೆ ಹೋದ ದಿನಕ್ಕೆ ಹದಿನೇಳು ದಿನ ಕಳೆದಿತ್ತು.

ಷರತ್ತುಗಳು ಮೂರು. ಭಾವನ ಅಮ್ಮ ರಷ್ಯಾದ ತ್ವೇರ್ ಎಂಬ ಊರಿನಲ್ಲಿ ಒಬ್ಬರೇ ಇದ್ದಾರೆ. ಮೊಮ್ಮಗನನ್ನು ಯಾವಾಗ ನೋಡುತ್ತೇನೋ ಗೊತ್ತಿಲ್ಲ, ಹೆಸರಾದರೂ ನಮ್ಮದಿರಲಿ ಎಂದರಂತೆ. ಮಗು ಓದುವುದು ಇಂಗ್ಲಿಷ್ ಶಾಲೆಯಲ್ಲಿ, ಹಾಜರಿ ಕರೆಯುವ ಟೀಚರು ಪ್ರತಿದಿನ ಅಲ್ಲಿಗೆ ಬಂದು ನಿಲ್ಲಬಾರದು ಎಂದಳು ಅಕ್ಕ. ಮೂರನೆಯದು ಶಿವಮೊಗ್ಗದಲ್ಲಿರುವ ನನ್ನ ಅಮ್ಮನದು: ‘ಭದ್ರಾವತಿ ಅಜ್ಜಿ ಬಾಯಲ್ಲಿ ಬರೋ ಹಂಗಿರ್ಬೇಕು, ಅಷ್ಟೇ.’

ಅಜ್ಜನ ಷರತ್ತು ಏನು ಅಂತ ಯಾರೂ ಕೇಳಲಿಲ್ಲ. ಅಕ್ಕ ಅಲ್ಲಿ ಮದುವೆ ನೋಂದಣಿ ಮಾಡಿಸಿಕೊಂಡು ಆಮೇಲೆ ಫೋನು ಮಾಡಿ ತಿಳಿಸಿದ್ದಳು. ಮೊಮ್ಮಗಳ ಮದುವೆಗೆ ಯಾವ ಛತ್ರ, ಯಾವ ಅಡುಗೆಯವರು ಅಂತ ವರ್ಷಗಳಿಂದ ಬೀದಿಯವರಿಗೆಲ್ಲ ಹೇಳಿಕೊಂಡು ಬಂದಿದ್ದ ಅಜ್ಜ ಅವತ್ತಿನಿಂದ ಅವಳ ಜೊತೆ ಒಂದು ಮಾತೂ ಆಡಿರಲಿಲ್ಲ. ವಿಡಿಯೊ ಕಾಲ್ ಬಂದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ಆ ಭಾನುವಾರ ಮಳೆ ಜೋರಾಗಿತ್ತು, ಹಿತ್ತಲಿಗೆ ಹೋಗುವಂತಿರಲಿಲ್ಲ. ಆರಾಮ ಕುರ್ಚಿಯಲ್ಲಿ ಪೇಪರು ಅಡ್ಡ ಹಿಡಿದು ಕೂತಿದ್ದರು.

ಈ ಕೆಲಸಕ್ಕೆ ಮನೆಯವರು ನನ್ನನ್ನೇ ಆರಿಸಿದ್ದಕ್ಕೆ ಕಾರಣವಿದೆ. ನಾನು ಕಂಪ್ಯೂಟರ್ ಸೈನ್ಸ್ ಬಿಇ ವಿದ್ಯಾರ್ಥಿ, ಸಾಫ್ಟ್‌ವೇರ್ ಟೆಸ್ಟಿಂಗ್ ಒಂದು ವಿಷಯವಾಗಿ ಓದಿದವನು. ಅದು ಮೇಲ್ನೋಟದ ಕಾರಣ. ನಿಜವಾದ ಕಾರಣ ನನ್ನ ಹೆಸರು ಹರ್ಷಿತ್. ಇದನ್ನು ಇಂಗ್ಲಿಷಿನಲ್ಲಿ ಬರೆದು ಕೊನೆಯ ನಾಲ್ಕು ಅಕ್ಷರ ಮಾತ್ರ ಓದಿ. ಆ ನಾಲ್ಕು ಅಕ್ಷರಗಳಿಂದಾಗಿ ಒಂದು ಆನ್‌ಲೈನ್ ಕೋಡಿಂಗ್ ಸ್ಪರ್ಧೆಯ ಜಾಲತಾಣ ‘ಅಸಭ್ಯ ಪದ ಬಳಸಬೇಡಿ’ ಎಂದು ನನ್ನನ್ನು ಹೊರಗೇ ನಿಲ್ಲಿಸಿತ್ತು. ನನ್ನಪ್ಪ ಪುಸ್ತಕ ನೋಡಿ, ಜ್ಯೋತಿಷಿಗಳನ್ನು ಕೇಳಿ, ಸಂತೋಷದಿಂದ ಇಟ್ಟ ಹೆಸರು ಅದು. ಅರ್ಥವೂ ಸಂತೋಷಗೊಂಡವನು ಅಂತಲೇ. ಕಂಪ್ಯೂಟರಿನವರಲ್ಲಿ ಈ ತೊಂದರೆಗೆ ‘ಸ್ಕಂಥಾರ್ಪ್ ಸಮಸ್ಯೆ’ ಎಂಬ ಹೆಸರೇ ಇದೆ. 1996ರಲ್ಲಿ ಇಂಗ್ಲೆಂಡಿನ ಸ್ಕಂಥಾರ್ಪ್ ಊರಿನ ಜನ ಎಓಎಲ್ ಖಾತೆ ತೆರೆಯಲು ಹೋದಾಗ, ಆ ಊರ ಹೆಸರಿನೊಳಗೆ ಒಂದು ಕೆಟ್ಟ ಪದ ಅಡಗಿದೆ ಎಂದು ಕಂಪ್ಯೂಟರ್ ತಡೆದಿತ್ತಂತೆ. ಇಡೀ ಊರಿಗೇ ಹಾಗಾಗಿದೆ ಅಂತ ಗೊತ್ತಾದ ಮೇಲೆ ನನಗೆ ಸ್ವಲ್ಪ ಸಮಾಧಾನ. ಆದರೂ ಅಳಿಯನಿಗೆ ಇದು ಬೇಡ ಅಂತ ಪಣ ತೊಟ್ಟಿದ್ದೆ. ಪಟ್ಟಿಯಲ್ಲಿದ್ದ ‘ಸೆಮ್ಯೋನ್’ ಎಂಬ ಸಾಧು ಹೆಸರನ್ನು ಯಾರಿಗೂ ಓದಿ ಹೇಳದೆ ನಾನೇ ಹೊಡೆದು ಹಾಕಿದೆ. ಇಂಗ್ಲಿಷ್ ಶಾಲೆಯಲ್ಲಿ ಅದು ಏನಾಗುತ್ತದೆ ಎಂದು ಈ ಪುಟದಲ್ಲಿ ಬರೆಯಲು ಆಗುವುದಿಲ್ಲ.

ಉಳಿದವು ಒಂದೊಂದಾಗಿ ಅಜ್ಜಿಯ ಮುಂದೆ ಬಂದವು.

ಕಿರಿಲ್. ‘ಮಗು ಈಗ್ಲೇ ರಾತ್ರಿಯೆಲ್ಲಾ ಕಿರಿಕಿರಿ ಮಾಡುತ್ತೆ ಅಂತಿದ್ಲು, ಹೆಸರೂ ಅದೇ ಯಾಕೆ?’ ಎಂದಳು ಅಜ್ಜಿ. ನನಗೆ ‘ಕಿರಿಕ್ ಪಾರ್ಟಿ’ ಸಿನಿಮಾ ನೆನಪಾಗಿ ಇಷ್ಟವೇ ಆಗಿತ್ತು. ಆಂಟನ್. ‘ಅಂಟು ಅಂಟು.’ ಗ್ಲೆಬ್ ಅಜ್ಜಿಯ ಬಾಯಲ್ಲಿ ಗಲೇಬು ಆಯಿತು. ಅರ್ಕಾದಿ ಅಕ್ಕನಿಗೆ ತುಂಬಾ ಹಿಡಿಸಿತ್ತು, ಅರ್ಕ ಎಂದರೆ ಸೂರ್ಯನಲ್ಲವೇ ಅಂತ. ಅಸಲಿಗೆ ಅದು ಗ್ರೀಸಿನ ಅರ್ಕಾಡಿಯಾ ಎಂಬ ಜಾಗದಿಂದ ಬಂದ ಹೆಸರು, ಸೂರ್ಯನಿಗೂ ಅದಕ್ಕೂ ಸಂಬಂಧವಿಲ್ಲ. ಅಜ್ಜಿಗೆ ಸೂರ್ಯನೂ ಕಾಣಲಿಲ್ಲ, ಗ್ರೀಸೂ ಕಾಣಲಿಲ್ಲ, ಎಕ್ಕದ ಗಿಡ ಕಂಡಿತು. ಮಾರ್ಕ್ ಎಂಬ ಹೆಸರು ರಷ್ಯಾದಲ್ಲೂ ಇದೆ, ಇಂಗ್ಲೆಂಡಿನಲ್ಲಂತೂ ಇದ್ದೇ ಇದೆ. ಅಜ್ಜಿಯ ಬಾಯಲ್ಲೂ ‘ಮಾರ್ಕು’ ಎಂದು ಸಲೀಸಾಗಿ ಬಂತು. ಅದನ್ನು ಬೇಡ ಎಂದವನು ನಾನು. ಊರಿಗೆ ಬಂದಾಗಲೆಲ್ಲ ನೆಂಟರು ‘ಮಾರ್ಕು ಎಷ್ಟು?’ ಅಂತಾರೆ. ಹುಟ್ಟಿದಾಗಿನಿಂದ ಈ ಪ್ರಶ್ನೆ ಯಾಕೆ? ಪಿಯುಸಿವರೆಗಾದರೂ ಬೇಡವೇ?

ರೋಮನ್ ಬಹುಮಟ್ಟಿಗೆ ಗೆದ್ದೇಬಿಟ್ಟಿದ್ದ. ರಷ್ಯನ್ನಿನಲ್ಲಿ ಒತ್ತು ಬೀಳದ ‘ಒ’ ಸ್ವರ ‘ಅ’ಕಾರಕ್ಕೆ ಹತ್ತಿರವಾಗುತ್ತದೆ. ಹಾಗಾಗಿ ಅವರು ಅದನ್ನು ‘ರಮಾನ್’ ಎನ್ನುತ್ತಾರೆ. ಅಜ್ಜಿಗೆ ಕೇಳಿಸಿದ್ದು ‘ರಮಣ’. ಖುಷಿಯಾಗಿ ಹುರುಳಿಕಾಯಿ ಪಕ್ಕಕ್ಕಿಟ್ಟಳು. ಅದಕ್ಕೆ ತಡೆ ಬಂದದ್ದು ಮ್ಯಾಂಚೆಸ್ಟರಿನಿಂದ. ಭಾವನ ಶಾಲೆಯಲ್ಲಿ ಒಬ್ಬ ರೋಮನ್ ಇದ್ದನಂತೆ, ದಿನಾ ಇವರ ಊಟ ಕಿತ್ತುಕೊಂಡು ತಿನ್ನುತ್ತಿದ್ದನಂತೆ. ಮೂವತ್ತು ದಾಟಿದ ಗಂಡಸು ಅದನ್ನು ಇನ್ನೂ ಮರೆತಿಲ್ಲ.

ಇದೆಲ್ಲ ತಮಾಷೆಯಾಗಿಯೇ ನಡೆಯುತ್ತಿತ್ತು. ಆದರೆ ನಿಕಿತಾ ಎಂಬ ಹೆಸರು ಬಂದಾಗ ನನಗೊಂದು ವಿಷಯ ಹೊಳೆಯಿತು. ನಿಕಿತಾ ನಮ್ಮಲ್ಲಿ ಹುಡುಗಿ, ನನ್ನ ಕ್ಲಾಸಿನಲ್ಲೇ ಇಬ್ಬರಿದ್ದಾರೆ. ರಷ್ಯಾದಲ್ಲಿ ನಿಕಿತಾ ಗಂಡಸು. 1955ರಲ್ಲಿ ಭಾರತಕ್ಕೆ ಬಂದಿದ್ದ ನಾಯಕ ನಿಕಿತಾ ಕ್ರುಶ್ಚೇವ್. ಇಲ್ಯಾ, ಸಾಶಾ, ಮಿಶಾ ಕೂಡ ಹಾಗೇ, ಅಲ್ಲಿ ಗಂಡುಮಕ್ಕಳನ್ನು ಕರೆಯುವ ಹೆಸರುಗಳು. ‘ಆ’ದಿಂದ ಮುಗಿದರೆ ಹೆಣ್ಣು ಎಂದು ಇಂಗ್ಲಿಷಿನವರು ತಿಳಿಯುತ್ತಾರೆ. ಆದರೆ ನಮ್ಮ ರಾಮ, ಕೃಷ್ಣ, ಬಸವ, ಭೀಮ ಇವರೆಲ್ಲ ಏನು? ಇಂಗ್ಲಿಷಿನಲ್ಲಿ ಬರೆದರೆ ಇವರೂ ‘ಎ’ ಅಕ್ಷರದಲ್ಲೇ ಮುಗಿಯುವ ಗಂಡಸರು. ಅಂದರೆ ಇಂಗ್ಲಿಷ್ ಶಾಲೆಯಲ್ಲಿ ರಷ್ಯಾದ ನಿಕಿತಾನಿಗೂ ಶಿವಮೊಗ್ಗದ ಕೃಷ್ಣನಿಗೂ ಕಾಟ ಒಂದೇ!

ಇನ್ನೂ ಒಂದು ಹೋಲಿಕೆ ಇದೆ. ರಷ್ಯನ್ನರ ಹೆಸರಿನ ನಡುವೆ ಅಪ್ಪನ ಹೆಸರು ಕಡ್ಡಾಯವಾಗಿ ಕೂರುತ್ತದೆ. ಸೆರ್ಗೇಯ ಮಗ ಆದರೆ ಸೆರ್ಗೇಯೆವಿಚ್. ಭಾವ ಇದನ್ನು ಏನೋ ವಿಶೇಷವೆಂಬಂತೆ ನನಗೆ ವಿವರಿಸಿದಾಗ ನಾನು ನಮ್ಮ ಜಿಲ್ಲೆಯ ಕುವೆಂಪು ಅವರ ಹೆಸರು ಬಿಡಿಸಿ ಹೇಳಿದೆ. ಕುಪ್ಪಳಿ ಊರು, ವೆಂಕಟಪ್ಪ ಅಪ್ಪ, ಪುಟ್ಟಪ್ಪ ಇವರು. ‘ನಿಮ್ಮಲ್ಲಿ ಅಪ್ಪ ಮಾತ್ರ, ನಮ್ಮಲ್ಲಿ ಊರೂ ಇದೆ’ ಅಂದೆ. ಕರೆಯುವ ಹೆಸರಲ್ಲೂ ಅಷ್ಟೆ. ಅಲೆಕ್ಸಾಂಡರ್ ಮನೆಯಲ್ಲಿ ಸಾಶಾ, ದ್ಮಿತ್ರಿ ದೀಮಾ, ಇವಾನ್ ವಾನ್ಯಾ. ಮೂಲಕ್ಕೂ ಮುದ್ದಿಗೂ ಏನು ಸಂಬಂಧ ಎಂದು ಹೊರಗಿನವರಿಗೆ ತಿಳಿಯುವುದೇ ಇಲ್ಲ. ನಮ್ಮ ಶ್ರೀನಿವಾಸ ಶೀನ ಆಗುವುದು, ನಾರಾಯಣ ನಾಣಿ ಆಗುವುದು, ಕೃಷ್ಣಮೂರ್ತಿ ಕಿಟ್ಟಿ ಆಗುವುದು ಇದೇ ಬುದ್ಧಿಯಲ್ಲವೇ?

ಅಕ್ಷರ ಮತ್ತು ನಕ್ಷತ್ರದ ವಿಚಾರ ಬೇಗ ಮುಗಿಯಿತು. ಅಜ್ಜಿ ಪಂಚಾಂಗ ತೋರಿಸಿ ಕೇಳಿಸಿಕೊಂಡು ಬಂದಿದ್ದಳು: ಹಸ್ತಾ ನಕ್ಷತ್ರ, ಮೂರನೇ ಪಾದ. ಹಸ್ತಾಕ್ಕೆ ಪೂ, ಷ, ಣ, ಠ. ಮೂರನೇ ಪಾದಕ್ಕೆ ‘ಣ’. ‘ಣ’ದಿಂದ ಶುರುವಾಗುವ ಹೆಸರು ರಷ್ಯನ್ನಿನಲ್ಲಿ ಹೋಗಲಿ, ಕನ್ನಡದಲ್ಲಾದರೂ ಇದೆಯೇ? ‘ಜಾತಕದ ಹೆಸರು ಬೇರೆ ಇಟ್ಕೊಂಡ್ರಾಯ್ತು ಬಿಡು’ ಎಂದು ಅಜ್ಜಿಯೇ ಆ ಬಾಗಿಲು ಮುಚ್ಚಿದಳು.

ಕಷ್ಟ ಕೊಟ್ಟಿದ್ದು ಪಾಸ್‌ಪೋರ್ಟು. ಯೂರಿ ಎಂಬ ಹೆಸರನ್ನು ಎಲ್ಲರೂ ಒಪ್ಪಿದ್ದರು. 1961ರ ಏಪ್ರಿಲ್ 12ರಂದು ಬಾಹ್ಯಾಕಾಶಕ್ಕೆ ಹೋದ ಮೊದಲ ಮನುಷ್ಯ ಯೂರಿ ಗಗಾರಿನ್ ಹೆಸರು ಇಂಗ್ಲಿಷಿನವರಿಗೂ ಪರಿಚಿತ. ಅಜ್ಜಿ ‘ಉರಿ’ ಎಂದಳು ನಿಜ, ಆದರೆ ಭದ್ರಾವತಿಗೆ ಹಿಂದೆ ಬೆಂಕಿಪುರ ಎಂದೇ ಹೆಸರಿತ್ತು, ಉರಿ ಇದ್ದರೆ ಇರಲಿ ಬಿಡಿ ಎಂದು ನಾನು ವಾದಿಸಿದೆ. ಆಮೇಲೆ ಭಾವ ತಮ್ಮ ಪಾಸ್‌ಪೋರ್ಟಿನ ಕತೆ ಹೇಳಿದರು. ರಷ್ಯನ್ ಪಾಸ್‌ಪೋರ್ಟಿನಲ್ಲಿ ಹೆಸರನ್ನು ಇಂಗ್ಲಿಷ್ ಅಕ್ಷರಕ್ಕೆ ತರುವಾಗ ನಮಗೆ ಬೇಕಾದಂತೆ ಬರೆಯುವುದಿಲ್ಲ, ಅಂತರರಾಷ್ಟ್ರೀಯ ನಿಯಮದ ಒಂದು ಕೋಷ್ಟಕ ನೋಡಿ ಅಕ್ಷರಕ್ಕೆ ಅಕ್ಷರ ಕೂರಿಸುತ್ತಾರೆ. ಆ ಲೆಕ್ಕದಲ್ಲಿ ಯೂರಿ ಎಂಬುದು ಐ, ಯು, ಆರ್, ಐ, ಐ ಎಂದಾಗುತ್ತದೆ. ಮ್ಯಾಕ್ಸಿಂನ ‘ಎಕ್ಸ್’ ಹೋಗಿ ‘ಕೆ’ ಮತ್ತು ‘ಎಸ್’ ಬರುತ್ತವೆ. ಇಂಗ್ಲೆಂಡಿನ ಜನನ ಪತ್ರದಲ್ಲಿ ಒಂದು ಹೆಸರು, ರಷ್ಯನ್ ಪಾಸ್‌ಪೋರ್ಟಿನಲ್ಲಿ ಇನ್ನೊಂದು. ಪ್ರತಿ ವಿಮಾನ ನಿಲ್ದಾಣದಲ್ಲೂ ಆ ಎರಡೂ ನಾನೇ ಎಂದು ವಿವರಿಸುತ್ತಾ ನಿಲ್ಲಬೇಕು. ಇದು ನಮಗೆ ಗೊತ್ತಿಲ್ಲದ ಗೋಳೇನೂ ಅಲ್ಲ. ನಮ್ಮ ಊರೇ ಇಂಗ್ಲಿಷಿನವರ ಅನುಕೂಲಕ್ಕೆ ಶಿಮೊಗಾ ಆಗಿತ್ತು. 2014ರ ನವೆಂಬರ್ 1ರಂದು ಮತ್ತೆ ಶಿವಮೊಗ್ಗ ಆಯಿತು. ನನ್ನ ದಾಖಲೆಗಳಲ್ಲಿ ಹುಟ್ಟಿದ ಊರು ಒಂದರಲ್ಲಿ ಶಿಮೊಗಾ, ಇನ್ನೊಂದರಲ್ಲಿ ಶಿವಮೊಗ್ಗ.

ನಾನೊಂದು ಚಿಕ್ಕ ಪ್ರೋಗ್ರಾಂ ಬರೆದೆ. ಕೋಷ್ಟಕದ ಪ್ರಕಾರ ಅಕ್ಷರ ಬದಲಾಯಿಸಿದಾಗಲೂ ಇಂಗ್ಲಿಷಿನವರು ಸಾಮಾನ್ಯವಾಗಿ ಬರೆಯುವಂತೆಯೇ ಉಳಿಯುವ ಹೆಸರುಗಳನ್ನು ಮಾತ್ರ ಅದು ಆರಿಸಬೇಕು. ಹತ್ತು ಸಾಲಿನ ಕೋಡು. ಲ್ಯಾಬ್ ಪರೀಕ್ಷೆಯಲ್ಲಿ ಇಷ್ಟು ಶ್ರದ್ಧೆಯಿಂದ ನಾನು ಯಾವತ್ತೂ ಬರೆದಿಲ್ಲ. ಪಟ್ಟಿ ಅರ್ಧಕ್ಕೆ ಇಳಿಯಿತು.

ಅದಕ್ಕಿಂತ ದೊಡ್ಡ ಜರಡಿ ಭಾವನ ಮನಸ್ಸಿನಲ್ಲಿತ್ತು. ಅದನ್ನು ಅವರು ಒಂದು ರಾತ್ರಿ ನನ್ನೊಬ್ಬನಿಗೇ ಹೇಳಿದರು. 2022ರ ಫೆಬ್ರುವರಿಯಲ್ಲಿ ಯುದ್ಧ ಶುರುವಾದ ಮೇಲೆ ತಮ್ಮ ಹೆಸರು ಹೇಳಿದಾಗ ಎದುರಿಗಿದ್ದವರು ಅರೆಕ್ಷಣ ಸುಮ್ಮನಾಗುವುದನ್ನು ಅವರು ಗಮನಿಸಿದ್ದಾರೆ. ಯಾರೂ ಕೆಟ್ಟದಾಗಿ ಮಾತಾಡಿಲ್ಲ, ಆ ಅರೆಕ್ಷಣ ಅಷ್ಟೇ. ವ್ಲಾದಿಮಿರ್ ಎಂಬುದು ಅವರ ಅಜ್ಜನ ಹೆಸರು. ಅದನ್ನು ಪಟ್ಟಿಗೇ ಹಾಕಿರಲಿಲ್ಲ. ‘ಯುದ್ಧದ ಎರಡೂ ಕಡೆಯ ಅಧ್ಯಕ್ಷರದ್ದು ಒಂದೇ ಹೆಸರು ನೋಡು, ಒಬ್ಬರು ವ್ಲಾದಿಮಿರ್, ಒಬ್ಬರು ವೊಲೊದಿಮಿರ್’ ಎಂದು ನಕ್ಕರು. ಆ ನಗುವಿಗೆ ಏನು ಹೇಳಬೇಕೋ ನನಗೆ ತಿಳಿಯಲಿಲ್ಲ. ಅಮ್ಮನಿಗೆ ರಷ್ಯನ್ ಹೆಸರು ಬೇಕು, ಮಗನಿಗೆ ಆ ಅರೆಕ್ಷಣ ಬೇಡ. ಅವರು ಹುಡುಕುತ್ತಿದ್ದದ್ದು ಅಂಥ ಹೆಸರು.

ಮಾತು ಬದಲಿಸಲು ನಾನು ಅವರ ಊರಿನ ಬಗ್ಗೆ ಕೇಳಿದೆ. ಆಗ ಗೊತ್ತಾಯಿತು, ತ್ವೇರಿನಿಂದ ಕರ್ನಾಟಕಕ್ಕೆ ಬಂದವರಲ್ಲಿ ನಮ್ಮ ಭಾವ ಮೊದಲಿಗರಲ್ಲ. ಅದಕ್ಕೂ ಮದುವೆಗೂ ಸಂಬಂಧವಿಲ್ಲ ಬಿಡಿ. ಹದಿನೈದನೇ ಶತಮಾನದಲ್ಲಿ ಅಫಾನಾಸಿ ನಿಕಿತಿನ್ ಎಂಬ ತ್ವೇರಿನ ವ್ಯಾಪಾರಿ ಕುದುರೆಯೊಂದನ್ನು ಮಾರಲು ತಂದು, ಬಹಮನಿಗಳ ರಾಜಧಾನಿಯಾಗಿದ್ದ ನಮ್ಮ ಬೀದರಿನಲ್ಲಿ ಉಳಿದಿದ್ದ. ಅವನು ಬರೆದಿಟ್ಟ ‘ಮೂರು ಸಾಗರಗಳಾಚೆಯ ಪಯಣ’ ಎಂಬ ಟಿಪ್ಪಣಿ ಇವತ್ತಿಗೂ ಇದೆ. ಅವನ ಕತೆಯ ಮೇಲೆ 1957ರಲ್ಲಿ ಭಾರತ ಮತ್ತು ಸೋವಿಯತ್ ಒಕ್ಕೂಟ ಸೇರಿ ‘ಪರದೇಸಿ’ ಸಿನಿಮಾ ತೆಗೆದವು. ತ್ವೇರಿನ ವೋಲ್ಗಾ ನದಿ ದಂಡೆಯಲ್ಲಿ ಅವನ ಪ್ರತಿಮೆ ಇದೆ, ಭಾವ ಚಿಕ್ಕವರಿದ್ದಾಗ ಅದರ ಕೆಳಗೆ ಆಡಿದ್ದಾರೆ. ನನಗೆ ರೋಮಾಂಚನವಾಗಿದ್ದು ಬೇರೆ ವಿಷಯಕ್ಕೆ. ಅಫಾನಾಸಿ ಎಂಬ ಹೆಸರು ಇಲ್ಲಿ ನಡೆಯುವುದಿಲ್ಲ ಎಂದು ಅವನಿಗೆ ಅನ್ನಿಸಿರಬೇಕು, ಈ ನಾಡಿನಲ್ಲಿ ಅವನು ಖೋಜಾ ಯೂಸುಫ್ ಖುರಾಸಾನಿ ಎಂದು ಹೆಸರು ಹೇಳಿಕೊಂಡು ತಿರುಗಿದ್ದ. ಬೀದರಿನಲ್ಲಿ ನಡೆಯುವ ಹೆಸರು ಹುಡುಕಿಕೊಂಡ ರಷ್ಯನ್!

ಮುಂದಿನ ಭಾನುವಾರ ಮತ್ತೆ ಭದ್ರಾವತಿ. ಶಿವಮೊಗ್ಗ ಬಸ್‌ ಸ್ಟ್ಯಾಂಡಿನಿಂದ ಹೆಚ್ಚೆಂದರೆ ಮುಕ್ಕಾಲು ಗಂಟೆ. ಈ ಸಲ ನಿಕಿತಿನ್ ಕತೆಯನ್ನು ಅಜ್ಜಿಗೆ ಹೇಳುವ ನೆಪದಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಕೇಳಬೇಕಾದವರು ಪೇಪರಿನ ಹಿಂದೆ ಇದ್ದರು. ಅಜ್ಜ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅಟ್ಟದ ಮೇಲಿನ ಅವರ ಟ್ರಂಕಿನಲ್ಲಿ ಹಳೆಯ ‘ಸೋವಿಯತ್ ಲ್ಯಾಂಡ್’ ಸಂಚಿಕೆಗಳಿವೆ. ಅದರ ನುಣುಪು ಹಾಳೆಗಳಲ್ಲೇ ನನ್ನಪ್ಪನ ಶಾಲೆ ಪುಸ್ತಕಗಳಿಗೆಲ್ಲ ಬೈಂಡು ಹಾಕುತ್ತಿದ್ದರಂತೆ. ನಿರಂಜನರು ಕನ್ನಡಕ್ಕೆ ತಂದ ಗಾರ್ಕಿಯ ‘ತಾಯಿ’ ಕೂಡ ಅದೇ ಟ್ರಂಕಿನಲ್ಲಿದೆ. ರಷ್ಯನ್ ಹೆಸರು ಈ ಮನೆಗೆ ಹೊಸದಲ್ಲ, ಅಜ್ಜನೇ ತಂದದ್ದು. ಅದನ್ನು ಅವರಿಗೆ ನೆನಪಿಸುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

‘ಈಗ ಕೊನೇ ನಾಲ್ಕು ಹೆಸರು ಅಜ್ಜಿ. ಲೆವ್.’

‘ಲವ?’

‘ಲೆವ್.’

‘ಅದೇ, ಲವ. ಲವ ಕುಶದ ಲವ. ಇದು ನಮ್ದೇ ಹೆಸರಲ್ವೇನೋ? ಇಷ್ಟು ದಿನ ಇದನ್ನ ಎಲ್ಲಿ ಬಚ್ಚಿಟ್ಟಿದ್ದೆ?’

ಮೂರು ಸಲ ಹೇಳಿಸಿದೆ. ಮೂರು ಸಲವೂ ಲವ. ನಾಲ್ಕನೇ ಸಲ ಅವಳೇ ಹಾಡಿನಂತೆ ಕರೆದಳು. ಕೋಷ್ಟಕದಲ್ಲಿ ಹಾಕಿದರೆ ಎಲ್, ಇ, ವಿ ಮೂರೇ ಅಕ್ಷರ, ಒಂದೂ ಬದಲಾಗುವುದಿಲ್ಲ. ಇಂಗ್ಲಿಷ್ ಟೀಚರು ಎಡವಲು ಅದರಲ್ಲಿ ಜಾಗವೇ ಇಲ್ಲ. ಯೆಹೂದಿಗಳಲ್ಲೂ ಲೆವ್ ಎಂಬ ಹೆಸರಿದೆ, ಹೀಬ್ರೂನಲ್ಲಿ ಅದಕ್ಕೆ ಹೃದಯ ಎಂಬ ಅರ್ಥ. ಹಾಗಾಗಿ ಕೇಳಿದ ಕೂಡಲೇ ಇದು ಇಂಥ ದೇಶದ್ದೇ ಎಂದು ಹೇಳಲಾಗದು, ಭಾವನ ಅರೆಕ್ಷಣಕ್ಕೂ ಅಷ್ಟರಮಟ್ಟಿಗೆ ಉತ್ತರ. ತ್ವೇರಿನ ಅಜ್ಜಿ ಅದನ್ನು ‘ಲ್ಯೆಫ್’ ಎನ್ನುತ್ತಾರೆ, ಮುದ್ದಿಗೆ ‘ಲ್ಯೋವಾ’. ಅಪ್ಪಟ ರಷ್ಯನ್ ಹೆಸರೇ. ನಾವು ಲಿಯೋ ಟಾಲ್‌ಸ್ಟಾಯ್ ಎನ್ನುತ್ತೇವಲ್ಲ, ರಷ್ಯನ್ನಿನಲ್ಲಿ ಅವರು ಲೆವ್ ನಿಕೊಲಾಯೆವಿಚ್. ಇಂಗ್ಲಿಷಿನವರು ಅದನ್ನು ತಮ್ಮ ಬಾಯಿಗೆ ತಕ್ಕಂತೆ ಲಿಯೋ ಮಾಡಿಕೊಂಡರು.

‘ಅರ್ಥ ಏನೋ?’ ಅಜ್ಜಿ ಕೇಳಿದಳು.

‘ಸಿಂಹ.’

ಪೇಪರು ಕೆಳಗಿಳಿಯಿತು. ನಮ್ಮಜ್ಜನ ಹೆಸರು ನರಸಿಂಹ. ಮನೆಯಿಂದ ನಾಲ್ಕು ಹೆಜ್ಜೆ ಹೋದರೆ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನ. ಅಜ್ಜನಿಗೆ ಆ ಹೆಸರು ಬಂದದ್ದೇ ಅಲ್ಲಿಂದ. ಈ ಅರ್ಥ ಅಕ್ಕನಿಗೆ ಮೊದಲೇ ಗೊತ್ತಿತ್ತೋ, ಗೊತ್ತಿದ್ದೇ ಲೆವ್ ಅನ್ನು ಪಟ್ಟಿಯ ಕೊನೆಗೆ ಸೇರಿಸಿದ್ದಳೋ, ಕೇಳಿದರೆ ಇವತ್ತಿಗೂ ನಗುತ್ತಾಳೆಯೇ ಹೊರತು ಹೇಳುವುದಿಲ್ಲ. ಅಜ್ಜ ನನ್ನನ್ನು ನೋಡಿದರು, ಏನೂ ಕೇಳಲಿಲ್ಲ. ಪೇಪರು ಮತ್ತೆ ಮೇಲೇರಿತು. ಆದರೆ ಅರ್ಧ ಗಂಟೆಯಾದರೂ ಪುಟ ತಿರುಗಲಿಲ್ಲ.

ಮೂವತ್ತೊಂದನೇ ದಿನ ಅಕ್ಕ ನೋಂದಣಿ ಮಾಡಿಸಿದಳು. ನಾಮಕರಣ ಮಾತ್ರ ಭದ್ರಾವತಿಯಲ್ಲೇ ಆಗಬೇಕೆಂದು ಅಜ್ಜಿ ಹಟ ಹಿಡಿದಳು. ಮಗು ಇಲ್ಲದ ನಾಮಕರಣವನ್ನು ನಾನು ಮೊದಲ ಸಲ ನೋಡಿದ್ದು. ನಡುಮನೆಯಲ್ಲಿ ತಟ್ಟೆಗೆ ಅಕ್ಕಿ ಹರಡಿದರು. ಅಕ್ಕಿಡಬ್ಬಕ್ಕೆ ಒರಗಿಸಿ ಫೋನು ನಿಲ್ಲಿಸಿದೆ. ಅದರೊಳಗೆ ಅಕ್ಕ, ಭಾವ, ಬಿಳಿ ಟೋಪಿಯಲ್ಲಿ ಮುಳುಗಿದ ಮಗು. ಉಂಗುರದಿಂದ ಅಕ್ಕಿಯಲ್ಲಿ ಹೆಸರು ಬರೆಯಬೇಕು. ಅಜ್ಜಿ ಕೈಯೊರೆಸಿಕೊಂಡು ಬರುವಷ್ಟರಲ್ಲಿ ಅಜ್ಜ ಬಂದು ಮಣೆಯ ಮೇಲೆ ಕೂತಾಗಿತ್ತು. ಬೆರಳಿನ ಉಂಗುರ ಬಿಚ್ಚಿ, ನಿಧಾನವಾಗಿ, ಕಾರ್ಖಾನೆಯ ಬೋರ್ಡಿನ ಮೇಲಿರುವಂಥ ದಪ್ಪ ಅಕ್ಷರದಲ್ಲಿ ‘ಲೆವ್’ ಎಂದು ಬರೆದರು. ಫೋನಿನ ಕಡೆ ನೋಡಲಿಲ್ಲ.

ಅಜ್ಜಿ ಫೋನಿಗೆ ಬಾಯಿಟ್ಟು, ಮಗುವಿನ ಕಿವಿಯಲ್ಲಿ ಹೇಳುವಂತೆ ಪಿಸುಗುಟ್ಟಿದಳು. ‘ಲವಾ... ಲವಾ... ಲವಾ...’

‘ಲವ ಅಲ್ಲ ಕಣೇ, ಲೆವ್’ ಎಂದರು ಅಜ್ಜ. ‘ಮಗೂನ ಸರಿಯಾಗಿ ಕರೆಯೋದು ಕಲಿ. ಏನಮ್ಮಾ, ಸರೀನಾ ನಾನು ಹೇಳಿದ್ದು?’

ಕೊನೆಯ ಮಾತು ಫೋನಿಗೆ. ಅಕ್ಕ ತಲೆ ಆಡಿಸಿದಳು, ಧ್ವನಿ ಬರಲಿಲ್ಲ. ಸಿಗ್ನಲ್ ಹೋಯಿತೇನೋ ಎಂದು ನಾನು ಫೋನು ಎತ್ತಿ ನೋಡಿದೆ, ಮೂರು ಗೆರೆ ಇತ್ತು. ಭಾವ ಇಂಗ್ಲಿಷಿನಲ್ಲಿ ‘ಅಜ್ಜ ಏನಂದರು?’ ಎಂದು ಕೇಳುತ್ತಿದ್ದರು. ಅಜ್ಜಿ ಮಾತ್ರ ಇದ್ಯಾವುದೂ ಕೇಳಿಸದವಳಂತೆ ತೆಂಗಿನಕಾಯಿ ಒಡೆಯುತ್ತಾ, ‘ಮುಂದಿನದೂ ಗಂಡೇ ಆದ್ರೆ ಕುಶ ಅಂತ ರಷ್ಯಾದಲ್ಲಿ ಏನಾದ್ರೂ ಐತೇನೋ ನೋಡಿಡು’ ಅಂದಳು.